ಜ್ವರ ಬಂದ ಡೆಲಿವರಿ ಹುಡುಗನಿಗೆ ರಜೆ ಕೊಡುತ್ತಿರುವುದು ಊರಿನ ಮನೆ

ನಮ್ಮ ಊರುಗಳಿಂದ ಬೆಂಗಳೂರಿಗೆ, ಮೈಸೂರಿಗೆ, ಹುಬ್ಬಳ್ಳಿಗೆ ಹೋಗಿ ಡೆಲಿವರಿ ಕೆಲಸ ಹಿಡಿದವರು ಈಗ ಕೇರಿಗೊಬ್ಬರಾದರೂ ಇದ್ದಾರೆ. ಪಿಯುಸಿಗೇ ಓದು ನಿಲ್ಲಿಸಿದವರು, ಡಿಗ್ರಿ ಮಾಡಿಯೂ ಕೆಲಸ ಸಿಗದವರು, ಬೋರ್‌ವೆಲ್ ಬತ್ತಿ ಬೇಸಾಯ ಬಿಟ್ಟವರು. ಹಬ್ಬಕ್ಕೆ ಊರಿಗೆ ಬಂದಾಗ ‘ದಿನಕ್ಕೆ ಎಷ್ಟು ಆಗುತ್ತಪ್ಪಾ?’ ಎಂದು ಎಲ್ಲರೂ ಕೇಳುತ್ತೇವೆ. ‘ಹುಷಾರಿಲ್ಲದ ದಿನ ಎಷ್ಟು ಆಗುತ್ತೆ?’ ಎಂದು ಕೇಳುವವರು ಕಡಿಮೆ.

ಹುಷಾರಿಲ್ಲದ ದಿನ ಏನೂ ಆಗುವುದಿಲ್ಲ. ಡೆಂಗಿ ಬಂದು ಹತ್ತು ದಿನ ಮಲಗಿದರೆ ಹತ್ತು ದಿನವೂ ಸೊನ್ನೆ. ಗಾಡಿಯ ಕಂತು ಮಾತ್ರ ನಿಲ್ಲುವುದಿಲ್ಲ, ರೂಮಿನ ಬಾಡಿಗೆಯೂ ನಿಲ್ಲುವುದಿಲ್ಲ. ವಾರದ ಟಾರ್ಗೆಟ್ ಮೇಲೆ ಇನ್ಸೆಂಟಿವ್ ಕೊಡುವ ಕಡೆ ಇನ್ನೂ ಕಷ್ಟ. ಸೋಮವಾರದಿಂದ ಗುರುವಾರದವರೆಗೆ ಮಳೆಯಲ್ಲಿ ಓಡಿ, ಶುಕ್ರವಾರ ಜ್ವರ ಬಂದು ಮಲಗಿದರೆ, ಓಡಿದ ದಿನಗಳ ಇನ್ಸೆಂಟಿವ್ ಕೂಡ ಕೈತಪ್ಪುತ್ತದೆ.

ಆಗ ಹುಡುಗ ರಾತ್ರಿ ಬಸ್ ಹತ್ತಿ ಊರಿಗೆ ಬರುತ್ತಾನೆ. ಅವ್ವ ಗಂಜಿ ಮಾಡುತ್ತಾಳೆ. ಅಪ್ಪ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಗಾಡಿ ಕಂತಿಗೆ ಮನೆಯ ಹೆಂಗಸರು ಸಂಘದಲ್ಲಿ ಸಾಲ ಎತ್ತುತ್ತಾರೆ. ಕೆಲಸ ಕೊಟ್ಟವರು ಕೊಡಬೇಕಾದ ಕಾಯಿಲೆ ರಜೆಯನ್ನು ಹಳ್ಳಿಯ ಮನೆಗಳು ಕೊಡುತ್ತಿವೆ. ಇದು ಆ ಹುಡುಗನೊಬ್ಬನ ಕಷ್ಟ ಎಂದು ಬಿಡುವ ಹಾಗಿಲ್ಲ, ನಮ್ಮೆಲ್ಲರ ಮನೆಯ ಲೆಕ್ಕ.

ಒಂದೇ ಮನೆಯ ಇಬ್ಬರನ್ನು ತೆಗೆದುಕೊಳ್ಳಿ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ತಮ್ಮ ಡೆಲಿವರಿ ಮಾಡುತ್ತಾನೆ. ಅಕ್ಕನಿಗೆ ಇಎಸ್‌ಐ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಸೇರುತ್ತಾರೆ. ಸಂಬಳದ ಶೇ. 0.75 ಅವಳದ್ದು, ಶೇ. 3.25 ಮಾಲೀಕರದ್ದು. ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ಡಾಕ್ಟರ ಸರ್ಟಿಫಿಕೇಟಿನ ಮೇಲೆ ಸಂಬಳದ ಶೇ. 70ರಷ್ಟು ಹಣ ಬರುತ್ತದೆ. ಸಾಮಾನ್ಯವಾಗಿ ಮೊದಲೆರಡು ದಿನಕ್ಕೆ ಇಲ್ಲ, ಆಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ದಿನಕ್ಕೆ 500 ರೂಪಾಯಿ ದುಡಿಯುವವಳಿಗೆ 350 ರೂಪಾಯಿ. ತಮ್ಮನಿಗೂ ಬಂದಿರುವುದು ಅದೇ ಜ್ವರ. ಆದರೆ ಅವನು ಕಾರ್ಮಿಕ ಅಲ್ಲ, ‘ಡೆಲಿವರಿ ಪಾರ್ಟ್‌ನರ್’. ಲಾಭದಲ್ಲಿ ಪಾಲಿಲ್ಲದ, ರೇಟು ನಿಗದಿ ಮಾಡುವಾಗ ಮಾತಿಲ್ಲದ ಪಾರ್ಟ್‌ನರ್.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೊಲದ ಕೂಲಿಯವರಿಗೆ ಯಾವ ಕಾಯಿಲೆ ರಜೆ ಇದೆ? ನಿಜ, ಇಲ್ಲ. ಅದೂ ಸರಿಯಲ್ಲ. ಆದರೆ ಕಳೆ ಕೀಳಲು ಹೋಗುವ ಹೆಂಗಸು ನಾಲ್ಕು ದಿನ ಮಲಗಿ ಐದನೇ ದಿನ ಹೋದರೆ ಅವಳ ಹಿಂದಿನ ವಾರದ ಕೂಲಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಹುಷಾರಿಲ್ಲ ಎಂದು ಹೇಳಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಾನೆ. ಎರಡು ಎಕರೆ ರೈತನನ್ನೂ ಕೋಟಿಗಟ್ಟಲೆ ವಹಿವಾಟು ಮಾಡುವ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂ ಬಾರದು.

‘ಯಾವಾಗ ಬೇಕೋ ಆಗ ಲಾಗಿನ್ ಆಗಬಹುದು, ರಜೆ ಕೇಳುವ ಅಗತ್ಯವೇ ಇಲ್ಲ’ ಎಂಬುದು ಕಂಪನಿಗಳ ಕಡೆಯ ಉತ್ತರ. ಲಾಗಿನ್ ಆಗದೆ ಇರಬಹುದು, ಸರಿ. ಹಸಿದುಕೊಂಡು ಮಲಗುವುದಕ್ಕೆ ಯಾರ ಅನುಮತಿಯೂ ಬೇಡ. ನಾವು ಕೇಳುತ್ತಿರುವ ರಜೆ ಅದಲ್ಲ.

ರಜೆ ಇಲ್ಲದಿದ್ದರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಉದಾಹರಣೆ ಇದೆ. ಅಲ್ಲಿನ ಡಿಪಿಡಿ ಎಂಬ ಪಾರ್ಸೆಲ್ ಕಂಪನಿಯಲ್ಲಿ 53 ವರ್ಷದ ಡ್ರೈವರ್ ಒಬ್ಬರಿದ್ದರು. ಸಕ್ಕರೆ ಕಾಯಿಲೆ ಇತ್ತು. ಒಮ್ಮೆ ಆಸ್ಪತ್ರೆಗೆ ಹೋಗಿದ್ದಕ್ಕೆ ಕಂಪನಿ 150 ಪೌಂಡ್ ದಂಡ ಹಾಕಿತು. ಮತ್ತೆ ದಂಡ ಬೀಳುತ್ತದೆ ಎಂಬ ಹೆದರಿಕೆಯಲ್ಲಿ ಡಾಕ್ಟರ ಬಳಿ ಹೋಗುವುದನ್ನು ತಪ್ಪಿಸಿದರು. ಕ್ರಿಸ್‌ಮಸ್‌ ಸಮಯದಲ್ಲಿ ಕಾಯಿಲೆಯಲ್ಲೇ ಕೆಲಸ ಮಾಡಿ, 2018ರ ಜನವರಿಯಲ್ಲಿ ತೀರಿಕೊಂಡರು. ಜನರ ಸಿಟ್ಟು ಎದ್ದ ಮೇಲೆ, ಅದೇ ಮಾರ್ಚ್‌ನಲ್ಲಿ ಡಿಪಿಡಿ ಆ ದಂಡವನ್ನು ತೆಗೆದುಹಾಕಿ, ಬೇಕೆಂದವರಿಗೆ ಕಾಯಿಲೆ ರಜೆಯ ವೇತನ ಕೊಡುತ್ತೇವೆ ಎಂದಿತು. ಒಂದು ಜೀವ ಹೋಗುವವರೆಗೆ ಆಗದಿದ್ದದ್ದು ಮೂರು ತಿಂಗಳಲ್ಲಿ ಆಯಿತು.

ನಮ್ಮಲ್ಲಿ ಹೀಗೆ ದಂಡ ಎಂದು ಹೆಸರಿಟ್ಟು ಹಾಕಬೇಕಿಲ್ಲ. ಇನ್ಸೆಂಟಿವ್ ತಪ್ಪಿಸಿದರೆ ಕೈಗೆ ಬರುವ ಹಣ ಅಷ್ಟೇ ಕಡಿಮೆಯಾಗುತ್ತದೆ.

ಕರ್ನಾಟಕದಲ್ಲಿ ಏನೂ ಆಗಿಲ್ಲ ಎನ್ನುವುದು ತಪ್ಪಾಗುತ್ತದೆ. 2023ರ ಬಜೆಟ್‌ನಲ್ಲಿ ಗಿಗ್ ಕಾರ್ಮಿಕರಿಗೆ 2 ಲಕ್ಷದ ಜೀವ ವಿಮೆ, 2 ಲಕ್ಷದ ಅಪಘಾತ ವಿಮೆ ಎಂದು ಸರ್ಕಾರ ಘೋಷಿಸಿತು. 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ ರಾಜ್ಯದ ಕಾಯ್ದೆ ಬಂತು. ಅದರ ಪ್ರಕಾರ ಕಲ್ಯಾಣ ಮಂಡಳಿ ಇರಬೇಕು. ಕಾರ್ಮಿಕರಿಗೆ ಕಂಪನಿ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲಿ ಮಾಡಬಹುದು. ಕೆಲಸದಿಂದ ತೆಗೆಯುವ ಮೊದಲು ಕಾರಣ ಹೇಳಿ 14 ದಿನಗಳ ನೋಟಿಸ್ ಕೊಡಬೇಕು. 2025ರ ಕೇಂದ್ರ ಬಜೆಟ್‌ನಲ್ಲಿ ಆಯುಷ್ಮಾನ್ ಯೋಜನೆಯ ಚಿಕಿತ್ಸೆಯನ್ನೂ ಇವರಿಗೆ ಘೋಷಿಸಲಾಯಿತು.

ಇವೆಲ್ಲ ಒಳ್ಳೆಯವೇ. ಆದರೆ ಒಟ್ಟಿಗೆ ಇಟ್ಟು ನೋಡಿ. ಸತ್ತರೆ ಹಣ ಇದೆ, ಅಪಘಾತವಾದರೆ ಹಣ ಇದೆ, ಆಸ್ಪತ್ರೆಯ ಬಿಲ್ಲಿಗೂ ದಾರಿ ಇದೆ. ಟೈಫಾಯಿಡ್, ಕಾಮಾಲೆ, ಬೆನ್ನು ನೋವು ಎಂದು ಮಲಗಿದ ದಿನದ ದುಡಿಮೆಗೆ ಮಾತ್ರ ಏನೂ ಇಲ್ಲ. ದಿನವಿಡೀ ಗಾಡಿ ಮೇಲೆ ಕೂತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಹೊಗೆ ಕುಡಿಯುವವರಿಗೆ ಹೆಚ್ಚಾಗಿ ಬರುವುದು ಇಂಥ ಕಾಯಿಲೆಗಳೇ.

ಇದನ್ನು ಸರಿಪಡಿಸಲು ಹೊಸ ಲೋಕವನ್ನೇನೂ ಕಟ್ಟಬೇಕಿಲ್ಲ. ಗಿಗ್ ಕಾರ್ಮಿಕರಿಗೂ ಇಎಸ್‌ಐ ಸೌಲಭ್ಯದ ಯೋಜನೆ ಮಾಡಲು ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೇ ಅವಕಾಶ ಇದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅಲ್ಲಿಯವರೆಗೆ ರಾಜ್ಯದ ಮಂಡಳಿ ತನ್ನ ಕಲ್ಯಾಣ ನಿಧಿಯಿಂದ, ಡಾಕ್ಟರ ಚೀಟಿಯ ಮೇಲೆ, ದಿನಕ್ಕಿಷ್ಟು ಎಂದು ಕಾಯಿಲೆ ಭತ್ಯೆ ಕೊಡಲಿ. ಚೀಟಿ ತಂದ ವಾರದಲ್ಲಿ ಟಾರ್ಗೆಟ್ ಲೆಕ್ಕ ಹಿಡಿಯಬಾರದು, ರೇಟಿಂಗ್ ಇಳಿಸಬಾರದು, ಐಡಿ ನಿಲ್ಲಿಸಬಾರದು ಎಂದು ನಿಯಮ ಮಾಡಲಿ. ಇದು ಆಗದ ಮಾತು ಎಂದು ಕಂಪನಿಗಳು ಹೇಳುವ ಹಾಗಿಲ್ಲ. ಡೆಲಿವರಿ ಮಾಡುವ ಹೆಣ್ಣುಮಕ್ಕಳಿಗೆ ಮುಟ್ಟಿನ ಸಮಯದಲ್ಲಿ ತಿಂಗಳಿಗೆ 2 ದಿನ ಹಣದ ಸಮೇತ ರಜೆ ಕೊಡುತ್ತೇವೆ ಎಂದು ಸ್ವಿಗ್ಗಿ 2021ರಲ್ಲೇ ಹೇಳಿತ್ತು. ಎರಡು ದಿನಕ್ಕೆ ಲೆಕ್ಕ ಹಾಕಲು ಬರುವ ಆ್ಯಪ್‌ಗೆ ಜ್ವರದ ಹತ್ತು ದಿನಕ್ಕೂ ಲೆಕ್ಕ ಹಾಕಲು ಬರುತ್ತದೆ.

ಮನೆಯವರು ಮಾಡಬೇಕಾದ ಕೆಲಸವೂ ಇದೆ. ನಿಮ್ಮ ಹುಡುಗ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿದ್ದಾನಾ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಹುಷಾರಿಲ್ಲದಾಗ ತೋರಿಸಿದ ಆಸ್ಪತ್ರೆಯ ಚೀಟಿ, ಆ ವಾರದ ಗಳಿಕೆಯ ಸ್ಕ್ರೀನ್‌ಶಾಟ್ ಎರಡನ್ನೂ ಎತ್ತಿಡಲು ಹೇಳಿ. ನಾಳೆ ದೂರು ಕೊಡಲು ಹೋದರೆ ಬೇಕಾಗುವುದು ಅವೇ. ನಿಮ್ಮ ಶಾಸಕರು ಜಾತ್ರೆಗೋ ಮದುವೆಗೋ ಬಂದಾಗ ರಸ್ತೆ, ಚರಂಡಿ ಕೇಳುವ ಜೊತೆಗೆ ಇದನ್ನೂ ಕೇಳಿ: ಗಿಗ್ ಕಾರ್ಮಿಕರ ಕಾಯ್ದೆಗೆ ವಿಧಾನಸಭೆಯಲ್ಲಿ ಒಪ್ಪಿಗೆ ಕೊಟ್ಟಿರಲ್ಲ, ಅದರಲ್ಲಿ ಜ್ವರಕ್ಕೆ ರಜೆ ಯಾವಾಗ ಸೇರಿಸುತ್ತೀರಿ?