ಹಠಮಾರಿ ಎನ್ನುವ ಮುನ್ನ...

ಹೆಸರು ಹಿಡಿದು ಕರೆದರೂ ನಿಮ್ಮ ಮಗು ತಿರುಗಿ ನೋಡುವುದಿಲ್ಲವೇ? ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತದೆಯೇ? ಜೊತೆಯ ಮಕ್ಕಳನ್ನು ಕಚ್ಚುತ್ತದೆಯೇ? 'ಎಲ್ಲ ಅಮ್ಮನ ಮುದ್ದು' ಅಂತ ಮನೆಯವರು ಆಡಿಕೊಳ್ಳುತ್ತಾರೆ. 'ಇವರಪ್ಪನಿಗೂ ಮಾತು ಬಂದಿದ್ದು ತಡವಾಗಿಯೇ' ಅಂತ ಸಮಾಧಾನವನ್ನೂ ಹೇಳ್ತಾರೆ. ಎರಡನ್ನೂ ಕೇಳುತ್ತಾ ಕೂತರೆ ನಷ್ಟ ಮಗುವಿಗೆ. ಬೇಗ ಸಿಕ್ಕ ನೆರವಿನಿಂದ ಆಗುವ ಅನುಕೂಲ ಹೆಚ್ಚು.

ಒಂದು ಮಾತು ನೆನಪಿಡಿ. ಆಟಿಸಂ, ಎಡಿಎಚ್‌ಡಿಯಂಥ ತೊಂದರೆಗಳು ತಾಯಿ ಬೆಳೆಸಿದ ರೀತಿಯಿಂದ ಬರುವುದಿಲ್ಲ. ಅದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಹೊಡೆದರೆ ಹೋಗುವಂಥದ್ದೂ ಅಲ್ಲ.

ನಮ್ಮ ಬ್ರೂಕ್‌ಫೀಲ್ಡ್‌ನಲ್ಲಿ ಕೆಲಸಕ್ಕೆಂದು ಊರು ಬಿಟ್ಟು ಬಂದ ಸಂಸಾರಗಳು ಬಹಳ. ಯಜಮಾನರು ಬರುವುದು ರಾತ್ರಿ. ಮನೆಯಲ್ಲಿ ಕನ್ನಡ, ಪಾರ್ಕಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. 'ಭಾಷೆ ಜಾಸ್ತಿಯಾಗಿ ಮಾತು ತಡ' ಅಂದುಕೊಂಡು ಕಾಯಬೇಡಿ. ಹಲವು ಭಾಷೆ ಕೇಳುವುದರಿಂದ ಇಂಥ ತೊಂದರೆ ಬರುವುದಿಲ್ಲ. ನೀವು ನಿಮ್ಮ ಕನ್ನಡದಲ್ಲೇ ಧಾರಾಳವಾಗಿ ಮಾತಾಡಿಸಿ.

ಹೀಗೆ ಮಾಡಿ ನೋಡಿ:

* ರಂಪ ಶುರುವಾಗುವ ಮುಂಚೆ ಏನಾಯಿತು, ಆಮೇಲೆ ನೀವೇನು ಮಾಡಿದಿರಿ ಎಂದು ಎರಡು ವಾರ ಬರೆದಿಡಿ. ಹಸಿವೋ, ನಿದ್ದೆಯೋ, ಗದ್ದಲವೋ ಕಾರಣ ಗೊತ್ತಾಗುತ್ತದೆ. ವೈದ್ಯರಿಗೂ ಈ ಪುಸ್ತಕ ಉಪಯುಕ್ತ.
* ಊಟ, ಆಟ, ಸ್ನಾನ ದಿನವೂ ಒಂದೇ ಹೊತ್ತಿಗಿರಲಿ. ಬದಲಾವಣೆ ಇದ್ದರೆ ಮೊದಲೇ ಹೇಳಿ.
* 'ಓಡಬೇಡ' ಎನ್ನುವ ಬದಲು 'ನನ್ನ ಕೈ ಹಿಡ್ಕೋ' ಎನ್ನಿ. ಹಿಡಿದುಕೊಂಡರೆ ಕೂಡಲೇ ಮೆಚ್ಚಿಕೊಳ್ಳಿ.
* ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ, ಎರಡು ವರ್ಷವಾದರೂ 'ಅಮ್ಮ ಬಾ' ಅಂತ ಎರಡು ಪದ ಜೋಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿ ಪರೀಕ್ಷೆಯನ್ನೂ ಮಾಡಿಸಿ.

ದುಬಾರಿ ಥೆರಪಿ ಸೆಂಟರ್ ಒಂದೇ ದಾರಿಯಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಕುಂದಲಹಳ್ಳಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ನೇರ ಇಂದಿರಾನಗರದಲ್ಲಿ ಇಳಿಯಬಹುದು. ನಿಮ್ಮ ಮನಸ್ಸೇ ಕುಗ್ಗಿದೆಯೇ? 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಸಹಾಯವಾಣಿ ಉಚಿತ.

'ಇಂಥ ಮಗು ನಮ್ಮಲ್ಲಿ ಆಗಲ್ಲ' ಎಂದು ಶಾಲೆಯವರು ಹೇಳಿದರೆ ಕಣ್ಣೀರು ಹಾಕಿಕೊಂಡು ವಾಪಸು ಬರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳಿಗೆ ಭೇದ ಮಾಡದೆ ಸೀಟು ಕೊಡಬೇಕು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ.

ಇನ್ನು, ಮನೆಯಲ್ಲಿ ಇಂಥ ಮಗು ಇಲ್ಲದ ಗೃಹಿಣಿಯರಿಗೂ ಒಂದು ಮಾತು. ಪಕ್ಕದ ಫ್ಲಾಟ್‌ನ ಮಗು ಕಿರುಚಿದಾಗ ಅಸೋಸಿಯೇಷನ್‌ಗೆ ದೂರು ಕೊಡುವ ಮುಂಚೆ ಅವನ ತಾಯಿಯನ್ನು ಒಮ್ಮೆ ಮಾತಾಡಿಸಿ. ನಿಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಅವನನ್ನೂ ಕರೆಯಿರಿ. ಎಷ್ಟು ಥೆರಪಿ ಕೊಡಿಸಿದರೂ ಆಡಲು ಜೊತೆಗಾರರನ್ನು ಕೊಡಬೇಕಾದವರು ನಾವೇ ಅಲ್ಲವೇ?