ತಾಯಿಯ ಉಪ್ಪು, ಮಗುವಿನ ಮೆದುಳು

ವಿದ್ಯಾರ್ಥಿಗಳೇ, ಬುದ್ಧಿಯು ಶಾಲೆಯಲ್ಲಿಯೇ ಬೆಳೆಯುವುದೆಂದು ನಾವು ಉಪಾಧ್ಯಾಯರು ಹೆಮ್ಮೆಪಡುವುದುಂಟು. ಆದರೆ ಅದರ ಅಡಿಗಲ್ಲು ತಾಯಿಯ ಗರ್ಭದಲ್ಲಿಯೇ ಬಿದ್ದಿರುತ್ತದೆ. ಮೆದುಳಿಗೆ ಮೂಲವಾದ ನರನಾಳವು ಗರ್ಭಾಂಕುರವಾದ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳುತ್ತದೆ. ಬಳಿಕ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಹೊಂದುತ್ತವೆ. ಹಿರಿಮೆದುಳಿನ ಹೊರಪದರದ ಸುಮಾರು 1,600 ಕೋಟಿ ನರಕೋಶಗಳಲ್ಲಿ ಬಹುಪಾಲು ಜನನಕ್ಕೆ ಮುನ್ನವೇ ಹುಟ್ಟಿರುತ್ತವೆ.

ಈ ಬೆಳವಣಿಗೆಗೆ ಅಯೋಡಿನ್ ಅವಶ್ಯಕ. ಅದು ತೀರ ಸಾಲದಾದರೆ ಮಗುವಿನ ಬುದ್ಧಿ ಕುಂಠಿತವಾಗುವುದು. ಆ ನಷ್ಟವನ್ನು ಯಾವ ಶಾಲೆಯೂ ತುಂಬಲಾರದು. ಹಜೀರಾದ ಕಡಲಂಚಿನಲ್ಲಿರುವ ನಮಗೆ ಉಪ್ಪಿಗೆ ಬರವಿಲ್ಲ. ದೇಶದ ಉಪ್ಪಿನ ಬಹುಪಾಲು ಗುಜರಾತಿನದೇ. ಆದರೆ ಬರಿಯ ಕಡಲುಪ್ಪಿನಲ್ಲಿ ಅಯೋಡಿನ್ ಅತ್ಯಲ್ಪ, ಅದನ್ನು ಬೆರೆಸಲೇಬೇಕು.

ಅಂಗಡಿಯಿಂದ ಉಪ್ಪು ತರುವವರು ನೀವು. ಅಯೋಡಿನ್ ಬೆರೆಸಿದುದನ್ನೇ ಕೇಳಿ ತನ್ನಿರಿ, ಮುಚ್ಚಿಡಿರಿ. ಮನೆಯಲ್ಲಿ ಗರ್ಭಿಣಿಯಿದ್ದರೆ, ಎಲ್ಲರೂ ಉಂಡು ಉಳಿದುದನ್ನು ಆಕೆ ಉಣ್ಣುವ ಪದ್ಧತಿ ಕೂಡದು. ಮೊದಲ ಎಲೆ ಆಕೆಗೆ ಸಲ್ಲಬೇಕು.