ಬೈಕಿನ ಬಾಲಕ್ಕೆ ಮನೆ ಕಟ್ಟಬೇಡಿ

ಮೊದಲೇ ಹೇಳಿಬಿಡುತ್ತೇನೆ, ಐಡಿಯಾ ನನ್ನದೇ. ಅಣ್ಣನ ಮೇಲೆ ಹಾಕುವ ಹಾಗಿಲ್ಲ. ಬೈಕಿನ ಹಿಂದೆ ಪುಟ್ಟದೊಂದು ಟ್ರೈಲರ್ ಸಿಕ್ಕಿಸುವುದು, ಊರು ಮುಟ್ಟಿದ ಮೇಲೆ ಬಿಡಿಸಿದರೆ ಇಬ್ಬರು ಮಲಗುವ ಟೆಂಟು, ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಇನ್ನೊಂದು ಮೂಲೆಯಲ್ಲಿ ಪರದೆ ಕಟ್ಟಿ ಮಡಚುವ ಕಮೋಡು. ಅಮೆರಿಕದ ಅಜ್ಜ-ಅಜ್ಜಿಯರು ದೊಡ್ಡ ಗೋಲ್ಡ್‌ವಿಂಗ್ ಬೈಕಿನ ಹಿಂದೆ ಇಂಥದ್ದನ್ನು ಎಳೆದುಕೊಂಡು ಹೋಗುವ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡಿ, ಮಣಿಪಾಲದಲ್ಲಿ ಕೆಲಸ ಮಾಡುವ ಅಣ್ಣನಿಗೆ ಕಳಿಸಿದವಳು ನಾನು. "ನಾವೂ ಒಂದು ಮಾಡುವನಾ?" ಅಂತ ಕೇಳಿದವಳೂ ನಾನೇ.

ಈಗ ಅದೇ ನಾನು ಹೇಳುತ್ತಿದ್ದೇನೆ: ಬೇಡ ಮಾರ್ರೆ. ದಯವಿಟ್ಟು ಬೇಡ.

ನನಗೆ ಅದು ಯಾಕೆ ಬೇಕಿತ್ತು ಅಂದರೆ, ಆ ಕಮೋಡಿಗೋಸ್ಕರ. ನಗಬೇಡಿ. ಬೆಂಗಳೂರಿನಿಂದ ಕಾರ್ಕಳದ ಮನೆಗೆ ನಾನು ನಾಲ್ಕು ವರ್ಷದಿಂದ ನನ್ನ ಹಳೆಯ ಹಿಮಾಲಯನ್‌ನಲ್ಲಿ ಹೋಗಿ ಬರುತ್ತಿದ್ದೇನೆ. ಗಂಡಸರು ರೂಟ್ ಹಾಕುವುದು ಪೆಟ್ರೋಲು, ಚಹಾ, ಒಳ್ಳೆಯ ತಿರುವು ನೋಡಿಕೊಂಡು. ನಾನು ಹಾಕುವುದು ಚಿಲಕ ಇರುವ ಶೌಚಾಲಯ ಎಲ್ಲುಂಟು ಅಂತ ನೋಡಿಕೊಂಡು. ಬಂಕಿನಲ್ಲಿ ಬೋರ್ಡು ಇರುತ್ತದೆ, ಬಾಗಿಲಿಗೆ ಬೀಗವೂ ಇರುತ್ತದೆ. "ಕೀ ಮ್ಯಾನೇಜರ್ ಹತ್ರ ಉಂಟು, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ." ಈ ಒಂದು ವಾಕ್ಯವನ್ನು ನಾನು ಎಷ್ಟು ಜಿಲ್ಲೆಗಳಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಹಾಗಾಗಿ ಹೊರಡುವ ದಿನ ಬೆಳಿಗ್ಗೆಯಿಂದಲೇ ನೀರು ಕುಡಿಯುವುದು ಬಂದ್. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದೆ. ಡಾಕ್ಟರು "ನೀರು ಕುಡೀಬೇಕಮ್ಮ" ಅಂದರು. ಕುಡಿದು ಎಲ್ಲಿಗೆ ಹೋಗಲಿ ಅಂತ ಅವರನ್ನು ಕೇಳಲಿಕ್ಕೆ ಆಗುತ್ತದಾ?

ಅದಕ್ಕೇ ಟ್ರೈಲರ್. ಯಾರ ಹತ್ತಿರವೂ ಕೀ ಕೇಳುವುದು ಬೇಡ, ನನ್ನ ಮನೆ ನನ್ನ ಹಿಂದೆ.

ಕಾರ್ಕಳದ ಒಬ್ಬ ವೆಲ್ಡರ್ ಕಬ್ಬಿಣದ ಫ್ರೇಮ್ ಮಾಡಿಕೊಟ್ಟರು. ಸ್ಕೂಟರಿನ ಎರಡು ಚಕ್ರ, ಪ್ಲೈವುಡ್ ಪೆಟ್ಟಿಗೆ, ಮೇಲೆ ಟಾರ್ಪಾಲು. ಒಟ್ಟು 62 ಸಾವಿರ ಮುಗಿಯಿತು. ಗುಜರಿ ಅಂಗಡಿಯ ಕಾಟಾದಲ್ಲಿ ತೂಗಿದಾಗ ಖಾಲಿ 118 ಕಿಲೋ. ಹಾಸಿಗೆ, ಒಲೆ, ನೀರಿನ ಕ್ಯಾನು, ಕಮೋಡು, ಅಣ್ಣನ ಕಾಫಿ ಸಾಮಾನು ಎಲ್ಲ ಸೇರಿ 163. "ಎಷ್ಟು ಲೈಟ್ ಅಲ್ವಾ!" ಅಂತ ನಾವಿಬ್ಬರೂ ಖುಷಿಪಟ್ಟೆವು. ವೆಲ್ಡರ್ ಮಾತ್ರ ಸುತ್ತ ಒಂದು ಸಲ ಬಂದು ಕೇಳಿದರು, "ಅಕ್ಕ, ಇದಕ್ಕೆ ಬ್ರೇಕ್ ಇಲ್ವಾ?"

ಬೈಕಿಗೆ ಉಂಟಲ್ಲ ಅಂದೆ.

ಕಾರ್ಕಳದಿಂದ ಮಣಿಪಾಲಕ್ಕೆ ಅದನ್ನು ಖಾಲಿಯಾಗಿ ನಿಧಾನಕ್ಕೆ ಎಳೆದು ತಂದಾಗ ಏನೂ ಆಗಲಿಲ್ಲ. ಅದೇ ಧೈರ್ಯದಲ್ಲಿ ಒಂದು ಭಾನುವಾರ ಸಾಮಾನೆಲ್ಲ ತುಂಬಿಸಿ ಹಿರಿಯಡ್ಕದ ದಾರಿಯಲ್ಲಿ ಮತ್ತೆ ಕಾರ್ಕಳಕ್ಕೆ ಹೊರಟೆ. ಓಡಿಸುತ್ತಿದ್ದವಳು ನಾನು, ಹಿಂದೆ ಸ್ಕೂಟರಿನಲ್ಲಿ ಅಣ್ಣ. ಪರ್ಕಳದ ಇಳಿಜಾರು ಗೊತ್ತಿದ್ದವರಿಗೆ ಮುಂದಿನದ್ದನ್ನು ಹೇಳಬೇಕಾಗಿಲ್ಲ. ಇಳಿಯುವಾಗ ಹಿಂದಿನಿಂದ ಯಾರೋ ಎರಡೂ ಕೈಯಲ್ಲಿ ನೂಕಿದ ಹಾಗೆ ಆಯಿತು. ಹಿಂದೆ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು. ಗಡಿಬಿಡಿಯಲ್ಲಿ ಬ್ರೇಕ್ ಒತ್ತಿದೆ. ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸಿತು. ಎರಡನೇ ಬೀಸಿಗೆ, ನನ್ನನ್ನು ದಾಟುತ್ತಿದ್ದ ಒಬ್ಬ ಹೆಂಗಸಿನ ಸ್ಕೂಟಿಗೆ ತಾಗಿತು. ಅವರು ಬಿದ್ದರು. ಬಸ್ಸಿನ ಡ್ರೈವರು ಅಷ್ಟು ದೂರದಲ್ಲೇ ಬ್ರೇಕ್ ಹಾಕಿದ್ದರಿಂದ ಈ ಬರಹ ಬರೆಯಲಿಕ್ಕೆ ನಾನು ಹೊರಗಿದ್ದೇನೆ.

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ರಸ್ತೆ ಬದಿಯಲ್ಲಿ ಕೂತು ಕೈ ಹಿಡಿದುಕೊಂಡೇ ಅವರು ನನ್ನ ಪೆಟ್ಟಿಗೆಯನ್ನು ನೋಡಿ ಕೇಳಿದ್ದು ಒಂದೇ ಮಾತು: "ಇದು ಎಂತ? ಎಂತಕ್ಕೆ?"

ಇದು ಎಂತ ಅನ್ನುವುದಕ್ಕೆ ಆಮೇಲೆ ಓದಿಕೊಂಡೆ. ಮೊದಲು ಓದಬೇಕಿತ್ತು. ಟ್ರೈಲರಿನ ತೂಕದಲ್ಲಿ ಸುಮಾರು ನೂರಕ್ಕೆ ಹತ್ತು ಭಾಗ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರ ಹೆಚ್ಚಾದರೆ ಅದು ಬಾಲ ಬೀಸುತ್ತದೆ. ನಾವು ನೀರಿನ ಕ್ಯಾನು, ಕಮೋಡು ಎರಡನ್ನೂ ಹಿಂದಿನ ತುದಿಯಲ್ಲೇ ಇಟ್ಟಿದ್ದೆವು. ಕಾರು ತಿರುವಿನಲ್ಲಿ ಬಾಗುವುದಿಲ್ಲ, ಬೈಕು ಬಾಗುತ್ತದೆ. ಹಾಗಾಗಿ ಕೊಂಡಿ ಸುತ್ತ ತಿರುಗುವಂಥದ್ದು ಇರಬೇಕು, ಇಲ್ಲದಿದ್ದರೆ ಟ್ರೈಲರೇ ಬೈಕನ್ನು ಹಿಡಿದು ನೆಟ್ಟಗೆ ನಿಲ್ಲಿಸಲಿಕ್ಕೆ ನೋಡುತ್ತದೆ. ಇನ್ನು ಬೈಕಿಗೆ ಟ್ರೈಲರ್ ಕಟ್ಟಲು ಕಾನೂನೇ ಒಪ್ಪುವ ಬ್ರಿಟನ್ನಿನಲ್ಲಿ ಲೆಕ್ಕ ಹೇಗುಂಟು ನೋಡಿ: ಸಾಮಾನು ಸೇರಿ ಟ್ರೈಲರ್ 150 ಕಿಲೋ ಅಥವಾ ಬೈಕಿನ ತೂಕದ ಮೂರರಲ್ಲಿ ಎರಡು ಪಾಲು, ಯಾವುದು ಕಡಿಮೆಯೋ ಅಷ್ಟು. ಅಗಲ 1 ಮೀಟರ್ ಮೀರಬಾರದು. ನನ್ನ 411 ಸಿಸಿ ಹಿಮಾಲಯನ್ ತೂಕ ಸುಮಾರು 199 ಕಿಲೋ. ಅಂದರೆ ಮಿತಿ 132. ನಾನು ಎಳೆದದ್ದು 163, ಅಗಲ ನಾಲ್ಕಡಿ. ಗೋಲ್ಡ್‌ವಿಂಗಿಗೆ ಆರು ಸಿಲಿಂಡರು, 1833 ಸಿಸಿ. ವಿಡಿಯೋದಲ್ಲಿ ಅಜ್ಜ ನಗುತ್ತಾ ಎಳೆದದ್ದನ್ನು ನಾನು 24 ಹಾರ್ಸ್‌ಪವರಿನಲ್ಲಿ, ಮಳೆಗಾಲ ಮುಗಿದ ನಮ್ಮ ರಸ್ತೆಯಲ್ಲಿ ಎಳೆಯಲಿಕ್ಕೆ ಹೋದೆ.

ಕಾನೂನಿನದು ಇನ್ನೂ ಚಂದ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ ಎಂಬುದರ ವ್ಯಾಖ್ಯೆಯೊಳಗೆ ಸೈಡ್‌ಕಾರ್ ಬರುತ್ತದೆ, ಟ್ರೈಲರ್ ಬರುವುದಿಲ್ಲ. ಟ್ರೈಲರ್ ಅಂದರೆ ಕಾಯ್ದೆಯ ಕಣ್ಣಿನಲ್ಲಿ ಇನ್ನೊಂದು ವಾಹನ, ಅದಕ್ಕೂ ನೋಂದಣಿ ಬೇಕು. ಗ್ಯಾರೇಜಿನಲ್ಲಿ ಬೆಸೆದ ಪೆಟ್ಟಿಗೆಗೆ ಎಲ್ಲಿಯ ನೋಂದಣಿ? ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದರೆ 2019ರ ತಿದ್ದುಪಡಿಯ ಪ್ರಕಾರ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಬಿಡಿ, ಕಟ್ಟಿದರೆ ಮುಗಿಯಿತು. ನನಗೆ ನಿದ್ದೆ ಕೆಡಿಸಿದ್ದು ಥರ್ಡ್ ಪಾರ್ಟಿ ಇನ್ಶೂರೆನ್ಸ್. ಆ ಹೆಂಗಸಿಗೆ ತಾಗಿದ್ದು ನೋಂದಣಿಯೂ ಇಲ್ಲದ, ವಿಮೆಯೂ ಇಲ್ಲದ ವಸ್ತು. ಅವರು ಬಸ್ಸಿನ ಅಡಿಗೆ ಬಿದ್ದಿದ್ದರೆ ಅವರ ಮಕ್ಕಳು ಪರಿಹಾರ ಕೇಳಿಕೊಂಡು ಎಷ್ಟು ವರ್ಷ ಕೋರ್ಟು ಅಲೆಯಬೇಕಿತ್ತು? ಅವರು ದೊಡ್ಡ ಮನಸ್ಸಿನವರು, ಕಂಪ್ಲೇಂಟ್ ಕೊಡಲಿಲ್ಲ. ಆಸ್ಪತ್ರೆ ಖರ್ಚು, ಆರು ವಾರದ ಸಂಬಳ ನಾವು ಕೊಟ್ಟೆವು. ನನ್ನ ಸ್ವಾತಂತ್ರ್ಯದ ಬಿಲ್ಲನ್ನು ಅವರ ಕೈಯ ಎಲುಬು ಕಟ್ಟಿತು.

ಪಂಜಾಬಿನ ಸುದ್ದಿ ನೆನಪುಂಟಾ? 2022ರ ಏಪ್ರಿಲ್‌ನಲ್ಲಿ ಅಲ್ಲಿ ಬೈಕಿಗೆ ಗಾಡಿ ಬೆಸೆದು ತರಕಾರಿ, ಸಿಮೆಂಟು ಸಾಗಿಸುವ 'ಜುಗಾಡ್ ರೇಹ್ಡಿ'ಗಳನ್ನು ಹಿಡಿಯಬೇಕೆಂದು ಪೊಲೀಸರಿಗೆ ಆದೇಶವಾಯಿತು. ಬಡವರ ಹೊಟ್ಟೆಗೆ ಹೊಡೆಯುತ್ತೀರಾ ಎಂದು ಗಲಾಟೆಯಾದ ಮೇಲೆ ಸರ್ಕಾರ ಹಿಂದೆ ಸರಿಯಿತು. ಆಗ ನಮ್ಮ ಆಫೀಸಿನ ಗ್ರೂಪಿನಲ್ಲಿ "ಇಂಡಿಯಾದಲ್ಲಿ ಸೇಫ್ಟಿ ಅನ್ನುವುದೇ ಇಲ್ಲ" ಅಂತ ಮೆಸೇಜ್ ಹಾಕಿದವರಲ್ಲಿ ನಾನೂ ಒಬ್ಬಳು. ಹೊಟ್ಟೆಪಾಡಿಗೆ ಎಳೆದರೆ ಅದು ಜುಗಾಡ್, ನಾವು ಶೋಕಿಗೆ ಎಳೆದರೆ ಓವರ್‌ಲ್ಯಾಂಡಿಂಗ್! ನಮ್ಮ ಕರಾವಳಿಯ ಮೀನಿನವರನ್ನು ನೋಡಿ. ದಿನವೂ ಪೆಟ್ಟಿಗೆ ತುಂಬ ಬಂಗುಡೆ, ಬೂತಾಯಿ ಹೊತ್ತು ಹಾರ್ನು ಒತ್ತುತ್ತಾ ಬರುತ್ತಾರೆ. ಭಾರವನ್ನು ಸೀಟಿನ ಹಿಂದೆ, ಚಕ್ರದ ಮೇಲೆಯೇ ಕಟ್ಟುತ್ತಾರೆ. ರಸ್ತೆಯಲ್ಲಿ ತಮಗೆ ಎಷ್ಟು ಜಾಗ ಉಂಟು ಅಂತ ಅವರಿಗೆ ಗೊತ್ತು.

ಇಷ್ಟು ಹೇಳಿದರೆ ನಮ್ಮ ಬೈಕ್ ಗ್ರೂಪಿನಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. "ನೀನು ತಪ್ಪಾಗಿ ಮಾಡಿದೆ. ಒಳ್ಳೆಯ ಕೊಂಡಿ, ಅಲ್ಯೂಮಿನಿಯಂ ಫ್ರೇಮು, ಸರ್ಕಾರದಿಂದ ಒಂದು ಸ್ಪಷ್ಟ ನಿಯಮ, ಇಷ್ಟಿದ್ದರೆ ಆಯಿತಲ್ಲ?" ಆಗಲಿ. ಒಪ್ಪಿದೆ ಅಂತಲೇ ಇಟ್ಟುಕೊಳ್ಳುವ. ಎಳೆದುಕೊಂಡು ಹೋಗಿ ಎಲ್ಲಿ ನಿಲ್ಲಿಸುತ್ತೀರಿ?

ಯಾಕೆ ಕೇಳುತ್ತೇನೆಂದರೆ, ನಾವು ಅದನ್ನೂ ಮಾಡಿ ನೋಡಿದ್ದೇವೆ. ಆ ಭಾನುವಾರದ ನಂತರ ಬೈಕಿಗೆ ಕಟ್ಟಲಿಲ್ಲ. 62 ಸಾವಿರ ಹಾಕಿದ್ದಕ್ಕೆ ಒಂದು ರಾತ್ರಿಯಾದರೂ ಮಲಗುವ ಅಂತ ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಕಾಪುವಿಗೆ ಹೋದೆವು. ಪರಿಚಯದವರ ತೋಟದ ಮೂಲೆ, ದೂರದಲ್ಲಿ 1901ರ ಲೈಟ್‌ಹೌಸಿನ ಬೆಳಕು ಸುತ್ತುತ್ತಿತ್ತು. ರಾತ್ರಿ ಚಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಕಮೋಡಿನ ಚೀಲ ಕೈಯಲ್ಲಿ ಹಿಡಿದು ನಿಂತೆ. ಎಲ್ಲಿ ಹಾಕುವುದು? ಸಮುದ್ರಕ್ಕಾ? ತೋಡಿಗಾ? ಯಾರದೋ ತೆಂಗಿನ ಬುಡಕ್ಕಾ? ಪಕ್ಕದ ಮನೆಯ ಅಮ್ಮ ಬೇಲಿಯಾಚೆಯಿಂದ ನೋಡುತ್ತಿದ್ದವರು ಅಂದರು, "ನಮ್ಮಲ್ಲಿ ಬಾತ್‌ರೂಮ್ ಉಂಟಲ್ಲ ಮಗ, ಒಂದು ಮಾತು ಕೇಳಿದ್ರೆ ಆಗ್ತಿತ್ತು."

ನಾಚಿಕೆಯಾಯಿತು. ಕೇಳದೇ ಇರಲಿಕ್ಕೆ ಅಂತಲೇ ನಾನು ಅಷ್ಟು ಕಬ್ಬಿಣ ಬೆಸೆಸಿದ್ದು. ಆದರೆ "ಆಹಾ, ನಮ್ಮ ಜನ ಎಷ್ಟು ಒಳ್ಳೆಯವರು" ಅಂತ ಇಲ್ಲಿಗೆ ಮುಗಿಸಿ ಲೈಕ್ ತಗೊಳ್ಳುವುದೂ ಮೋಸವೇ. ವಾರಾಂತ್ಯಕ್ಕೆ ಕಾಪುವಿಗೆ ಬರುವವರೆಲ್ಲ ಆ ಅಮ್ಮನ ಬಾಗಿಲು ತಟ್ಟಿದರೆ ಅವರು ಏನು ಮಾಡಬೇಕು? ಒಬ್ಬರ ಒಳ್ಳೆಯತನದ ಮೇಲೆ ಊರಿಗೆಲ್ಲ ಶೌಚಾಲಯ ನಡೆಸಲಿಕ್ಕಾಗುವುದಿಲ್ಲ.

ನನ್ನ ಜಗಳ ಇರುವುದು ಇಲ್ಲಿ. ನಮ್ಮ ಪೀಳಿಗೆಗೆ ಒಂದು ಚಾಳಿ ಹಿಡಿದಿದೆ. ನಲ್ಲಿಯಲ್ಲಿ ನೀರು ಬರುವುದಿಲ್ಲವಾ, ಬೋರು ಕೊರೆಸು. ನೀರು ಚೆನ್ನಾಗಿಲ್ಲವಾ, ಫಿಲ್ಟರ್ ಹಾಕಿಸು. ಕರೆಂಟಿಲ್ಲವಾ, ಯುಪಿಎಸ್. ಬಸ್ಸಿಲ್ಲವಾ, ಕ್ಯಾಬು. ಪಾರ್ಕಿಲ್ಲವಾ, ಗೇಟು ಹಾಕಿದ ಅಪಾರ್ಟ್‌ಮೆಂಟಿನೊಳಗೆ ನಮ್ಮದೇ ಹುಲ್ಲು. ಎಲ್ಲರಿಗೂ ಇಲ್ಲದ್ದನ್ನು ನಮಗೊಬ್ಬರಿಗೆ ಕೊಂಡುಕೊಂಡು ಸುಮ್ಮನಾಗುವುದು. ಸಂಬಳ ಉಂಟು, ಆಗುತ್ತದೆ. ಸುಮ್ಮನಾದ ಮೇಲೆ ಕೇಳುವವರು ಯಾರು? ದುಡ್ಡಿಲ್ಲದವರು, ಅವರ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಬೈಕಿನ ಹಿಂದಿನ ಮನೆ ಅದೇ ಚಾಳಿಯ ಕೊನೆಯ ಕೂಸು. ಹೆದ್ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ನನ್ನ ಶೌಚಾಲಯವನ್ನು ನಾನೇ ಎಳೆದುಕೊಂಡು ಹೊರಟೆ. ಬಸ್ಸಿನಲ್ಲಿ ಹೋಗುವ ನನ್ನ ಅಮ್ಮ ಏನನ್ನು ಎಳೆದುಕೊಂಡು ಹೋಗಬೇಕು? ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಆ ಹೆಂಗಸು?

ತಲೆಹೊರೆಯಲ್ಲಿ ಸಾಮಾನು ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ದಾರಿ ಬದಿಯಲ್ಲಿ ಹೊರೆ ಇಳಿಸಲಿಕ್ಕೆ ಎತ್ತರದ ಕಲ್ಲು ನಿಲ್ಲಿಸುತ್ತಿದ್ದರು. ಯಾರ ಸಹಾಯವೂ ಇಲ್ಲದೆ ಇಳಿಸಬಹುದು, ಮತ್ತೆ ತಲೆಗೆ ತಗೊಳ್ಳಬಹುದು. ಆ ಕಲ್ಲು ದಾರಿಯದ್ದು, ಹಾಗಾಗಿ ಹೋಗುವವರೆಲ್ಲರದ್ದು.

ಆಗುವುದಿಲ್ಲ ಅನ್ನಬೇಡಿ, ಪಕ್ಕದಲ್ಲೇ ಆಗಿದೆ. ಇದೇ ಕಾಪು ತಾಲೂಕಿನ ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಬಾವುಟಕ್ಕೆ ನೀರು ಶುದ್ಧ ಇದ್ದರೆ ಸಾಲದು, ಸ್ವಚ್ಛ ಶೌಚಾಲಯವೂ ಕಡ್ಡಾಯ. ವಿದೇಶದವರು ಅಂಕ ಹಾಕಲಿಕ್ಕೆ ಬರುತ್ತಾರೆ ಅಂದಾಗ ನಮಗೆ ಸಾಧ್ಯವಾದದ್ದು, ನಮ್ಮದೇ ಹೆಂಗಸರಿಗೆ ಅಂದಾಗ ಹಿರಿಯಡ್ಕದಲ್ಲಿ, ಕಾರ್ಕಳದಲ್ಲಿ ಯಾಕೆ ಸಾಧ್ಯವಾಗಬಾರದು? ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ತಂದಾಗ ಗಾಡಿಯ ಜೊತೆಗೇ ಗಾಡಿ ನಿಲ್ಲುವ ಪಾರ್ಕಿನ ಮಾತನ್ನೂ ಎತ್ತಿತು. ನಿಲ್ಲಲಿಕ್ಕೆ ಜಾಗ ಇಲ್ಲದಿದ್ದರೆ ಚಕ್ರದ ಮೇಲಿನ ಮನೆಗೆ ಅರ್ಥವಿಲ್ಲ. ನಿಲ್ಲಲಿಕ್ಕೆ ಒಳ್ಳೆಯ ಜಾಗ ಇದ್ದರೆ ಬೈಕಿನವರಿಗೆ ಆ ಮನೆಯೇ ಬೇಡ, ಸೀಟಿನ ಹಿಂದೆ ಕಟ್ಟುವ ಎರಡು ಕಿಲೋ ಟೆಂಟು ಸಾಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ದೀಪ ಇರುವ ಒಂದು ಅಂಗಳ, ನಾಲ್ಕು ಟೆಂಟಿಗೆ ಜಾಗ, ಒಂದು ನಲ್ಲಿ, ಒಳಗಿನಿಂದ ಚಿಲಕ ಬೀಳುವ ಎರಡು ಶೌಚಾಲಯ. ಪಂಚಾಯತಿಯ ಜಾಗದಲ್ಲಿ ಊರಿನ ಸ್ವಸಹಾಯ ಸಂಘದ ಹೆಂಗಸರು ನಡೆಸಲಿ, ನೂರು ರೂಪಾಯಿ ತಗೊಳ್ಳಲಿ, ಸಂತೋಷವಾಗಿ ಕೊಡುತ್ತೇವೆ. ಇದಕ್ಕೆ ಅರ್ಜಿ ಬರೆದು ನಮ್ಮ ಗ್ರಾಮಸಭೆಯಲ್ಲಿ ಕೊಟ್ಟಿದ್ದೇನೆ. "ನೋಡುವ" ಅಂದಿದ್ದಾರೆ. ನಮ್ಮ ಊರಿನ 'ನೋಡುವ' ಅಂದರೆ ಏನು ಅಂತ ನನಗೂ ಗೊತ್ತು, ಮುಂದಿನ ಸಭೆಗೂ ಹೋಗುತ್ತೇನೆ. ನೀವೂ ನಿಮ್ಮ ಊರಿನಲ್ಲಿ ಕೊಡಿ. ಬಂಕಿನಲ್ಲಿ ಬೀಗ ಇದ್ದರೆ ಸುಮ್ಮನೆ ಮುಂದೆ ಹೋಗಬೇಡಿ, ಮ್ಯಾನೇಜರ್ ಊಟ ಮುಗಿಸುವವರೆಗೆ ಕಾದು, ದೂರು ಪುಸ್ತಕ ಕೇಳಿ ಬರೆದು ಹೋಗಿ. ಗಂಡಸರು ಹೆಚ್ಚು ಕೇಳಬೇಕು, ಯಾಕೆಂದರೆ ನಿಮಗೆ ಅರ್ಜೆಂಟಿರುವುದಿಲ್ಲ. ನಮ್ಮ ಗ್ರೂಪಿನ ಹನ್ನೆರಡು ಜನ ಒಬ್ಬೊಬ್ಬರು ಒಂದು ಟ್ರೈಲರ್ ಮಾಡಿಸಿದರೆ ಏಳು ಲಕ್ಷ ದಾಟುತ್ತದೆ. ಅಷ್ಟು ದುಡ್ಡು ಹಿಡಿದುಕೊಂಡು ಹೋದರೆ ಯಾವ ಪಂಚಾಯತಿಯೂ ಕುರ್ಚಿ ಹಾಕಿ ಕೂರಿಸುತ್ತದೆ.

ಟ್ರೈಲರ್ ಈಗ ಕಾರ್ಕಳದ ಮನೆಯ ಕೊಟ್ಟಿಗೆಯಲ್ಲಿದೆ. ಚಕ್ರ ತೆಗೆಸಿದ್ದೇವೆ. ಅಮ್ಮ ಅದರಲ್ಲಿ ತೆಂಗಿನಕಾಯಿ ಹಾಕಿಟ್ಟಿದ್ದಾರೆ, "ಇಲಿ ಹೋಗುವುದಿಲ್ಲ, ಒಳ್ಳೆದುಂಟು" ಅನ್ನುತ್ತಾರೆ. ಪ್ಲಾಸ್ಟರ್ ಬಿಚ್ಚಿದ ದಿನ ಆ ಹೆಂಗಸಿನ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದರು. ಬಲಗೈ ಇನ್ನೂ ಪೂರ್ತಿ ತಿರುಗುವುದಿಲ್ಲವಂತೆ.